ಬದಲಿ ಮೂತ್ರಪಿಂಡ ಪಡೆದ ಹೆಣ್ಣುಮಗಳ ತಾಯ್ತನ



ಕಿಡ್ನಿ ಕಸಿ ಮಾಡಿಸಿಕೊಂಡ ಹೆಣ್ಣುಮಗಳಿಗೆ ಮಕ್ಕಳಾಗಬಹುದೆ? ಆದರೆ ಅವಳ ಜೀವಕ್ಕೆ ಅಪಾಯವಿಲ್ಲವೆ? ಹುಟ್ಟುವ ಕೂಸು ಆರೋಗ್ಯವಾಗಿರುವುದೆ? ನಮ್ಮ ಹಿಂದಿನ ತಲೆಮಾರಿನವರು ಕೇಳಿರದ ಪ್ರಶ್ನೆಗಳಿವು. ಆಗ ಮೂತ್ರಪಿಂಡಗಳು ಕೆಟ್ಟವೆಂದರೆ ಬದುಕು ಮುಗಿಯಿತೆಂದೇ ಅರ್ಥವಾಗಿತ್ತು. ಇಂದು ಹಾಗಿಲ್ಲ. ತಾಲ್ಲೂಕು ಆಸ್ಪತ್ರೆಗಳವರೆಗೂ ಡಯಾಲಿಸಿಸ್ ಯಂತ್ರಗಳು ಬಂದಿವೆ. ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಗಂಗಾವತಿಗಳ ಕಡೆಯವರು ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಬೆಂಗಳೂರುಗಳಂಥ ದೊಡ್ಡ ಊರುಗಳಿಗೆ ಹೋಗಿ ಕಸಿ ಚಿಕಿತ್ಸೆ ಪಡೆದು ಮನೆಗೆ ಮರಳುವ ಕಾಲ ಬಂದಿದೆ. ಹಾಗೆ ಮರಳಿದವರಲ್ಲಿ ಮದುವೆಯ ವಯಸ್ಸಿನ ಮಗಳೂ ಇರಬಹುದು, ಮದುವೆಯಾಗಿ ಎರಡು ವರ್ಷವಾದ ಸೊಸೆಯೂ ಇರಬಹುದು.

ಇಂಥ ಮನೆಗಳಲ್ಲಿ ಮಕ್ಕಳ ವಿಷಯ ಬಂದಾಗ ಎರಡು ಬಗೆಯ ನಡವಳಿಕೆಯನ್ನು ಕಾಣುತ್ತೇವೆ. ಕೆಲವರು ಆ ಮಾತನ್ನೇ ಎತ್ತುವುದಿಲ್ಲ. ಅವಳ ಪಾಲಿಗೆ ತಾಯ್ತನವಿಲ್ಲವೆಂದು ತಾವೇ ತೀರ್ಮಾನಿಸಿಬಿಡುತ್ತಾರೆ. ಮತ್ತೆ ಕೆಲವರು, ಶಸ್ತ್ರಚಿಕಿತ್ಸೆ ಮುಗಿಯಿತು, ಇನ್ನೇನು ತಡ ಎಂದು ಅವಸರಪಡಿಸುತ್ತಾರೆ. ಈ ಎರಡೂ ಸರಿಯಲ್ಲ. ಬದಲಿ ಅಂಗ ಪಡೆದ ಹೆಣ್ಣುಮಗಳು ತಾಯಾಗಬಲ್ಲಳು. ಆದರೆ ಅವಳ ಗರ್ಭವನ್ನು ಮೊದಲೇ ಯೋಚಿಸಿ, ವೈದ್ಯರೊಡನೆ ಕುಳಿತು, ಕಾಲ ನೋಡಿ ನಿರ್ಧರಿಸಬೇಕು. ಈ ಸಂಚಿಕೆಯಲ್ಲಿ ನಾವು ಹೇಳಬೇಕೆಂದಿರುವುದು ಇದನ್ನೇ.

ಮೊದಲ ಉದಾಹರಣೆ

1954ರ ಡಿಸೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆಯವರು ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಯಶಸ್ವಿಯಾದರು. ಈ ಸಾಧನೆಗಾಗಿ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 1956ರ ಮೇ ತಿಂಗಳಲ್ಲಿ ಅದೇ ವೈದ್ಯರ ಬಳಿಗೆ ಎಡಿತ್ ಹೆಲ್ಮ್ ಎಂಬ ತರುಣಿ ಬಂದಳು. ಅವಳ ಅವಳಿ ಸಹೋದರಿ ವಾಂಡಾ ತನ್ನದೊಂದು ಮೂತ್ರಪಿಂಡವನ್ನು ಕೊಟ್ಟಳು. ಎರಡು ವರ್ಷ ತುಂಬುವ ಮೊದಲೇ, 1958ರ ಮಾರ್ಚ್‌ನಲ್ಲಿ, ಎಡಿತ್ ಗಂಡುಮಗುವಿಗೆ ಜನ್ಮವಿತ್ತಳು. ಬದಲಿ ಅಂಗ ಪಡೆದು ತಾಯಾದ ಪ್ರಥಮ ಮಹಿಳೆ ಅವಳು. ಸಹೋದರಿ ಕೊಟ್ಟ ಆ ಮೂತ್ರಪಿಂಡದೊಡನೆ ಅರ್ಧ ಶತಮಾನಕ್ಕೂ ಮೀರಿ ಬದುಕಿ 2011ರಲ್ಲಿ ತೀರಿಕೊಂಡಳು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತದ್ರೂಪಿ ಅವಳಿಗಳ ದೇಹಗಳು ಒಂದು ಮತ್ತೊಂದನ್ನು ಪರಕೀಯವೆಂದು ಭಾವಿಸುವುದಿಲ್ಲ. ಆದ್ದರಿಂದ ಎಡಿತ್‌ಗೆ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳ ಅಗತ್ಯ ಬೀಳಲಿಲ್ಲ. ತಾಯಿ, ತಂದೆ, ಗಂಡ, ಅಕ್ಕ, ಅಣ್ಣ ಅಥವಾ ಮೃತ ದಾನಿಯಿಂದ ಮೂತ್ರಪಿಂಡ ಪಡೆಯುವ ನಮ್ಮ ಹೆಣ್ಣುಮಕ್ಕಳಾದರೋ ಆ ಮಾತ್ರೆಗಳನ್ನು ನಿತ್ಯವೂ ನುಂಗಲೇಬೇಕು. ಬಸಿರಿನ ಮಾತು ಬಂದಾಗ ಮೊದಲು ಯೋಚಿಸಬೇಕಾದದ್ದು ಈ ಮಾತ್ರೆಗಳ ವಿಷಯವನ್ನು.

ಭಾರತದಲ್ಲಿ ಮೂತ್ರಪಿಂಡ ಕಸಿ ಮೊದಲು ಯಶಸ್ವಿಯಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಯಕೃತ್ತು ಮತ್ತು ಹೃದಯಗಳನ್ನು ಬದಲಿಸಿಕೊಂಡ ಮಹಿಳೆಯರೂ ಮುಂದೆ ತಾಯಂದಿರಾಗಿದ್ದಾರೆ. 2018ರ ಅಕ್ಟೋಬರ್‌ನಲ್ಲಿ ಪುಣೆಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ತಾಯಿಯೇ ದಾನವಾಗಿತ್ತ ಗರ್ಭಕೋಶದಲ್ಲಿ ಮಗಳು ಕೂಸನ್ನು ಹೊತ್ತು ಹೆತ್ತದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಆದರೆ ನಮ್ಮ ಸುತ್ತಿನ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಮೂತ್ರಪಿಂಡದ ಕಸಿ. ಆದ್ದರಿಂದ ಇಲ್ಲಿ ಅದನ್ನೇ ಮುಖ್ಯವಾಗಿ ಹೇಳುತ್ತೇವೆ.

ಅಂಕಿಸಂಖ್ಯೆಗಳು ಏನು ಹೇಳುತ್ತವೆ?

ಮೂತ್ರಪಿಂಡ ಕಸಿಯಾದ 3,570 ಮಹಿಳೆಯರ 4,706 ಗರ್ಭಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದರಂತೆ 100 ಗರ್ಭಗಳಲ್ಲಿ ಸುಮಾರು 73ರಲ್ಲಿ ಜೀವಂತ ಶಿಶು ಜನಿಸಿತು. ಇದು ಧೈರ್ಯ ಕೊಡುವ ಮಾತು. ಆದರೆ 100ರಲ್ಲಿ ಸುಮಾರು 27 ತಾಯಂದಿರಿಗೆ ಗರ್ಭನಂಜು, ಎಂದರೆ ಬಸಿರಿನಲ್ಲಿ ರಕ್ತದೊತ್ತಡವೇರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ, ಕಾಣಿಸಿಕೊಂಡಿತು. ಹೆರಿಗೆಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ದಿನ ತುಂಬುವ ಮೊದಲೇ ಆದವು. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಸಿಸೇರಿಯನ್ ಶಸ್ತ್ರಕ್ರಿಯೆ ಬೇಕಾಯಿತು. ಕೂಸುಗಳ ಸರಾಸರಿ ತೂಕ 2.4 ಕಿಲೋದಷ್ಟಿತ್ತು.

ಹೀಗಾಗಿ ಇದು ಅಸಾಧ್ಯವಾದುದಲ್ಲ, ಸಾಮಾನ್ಯವಾದುದೂ ಅಲ್ಲ. ಇಂಥ ಪ್ರತಿಯೊಂದು ಬಸಿರನ್ನೂ ಹೆಚ್ಚಿನ ಅಪಾಯದ ಬಸಿರೆಂದೇ ತಿಳಿದು, ಮೂತ್ರಪಿಂಡ ತಜ್ಞರೂ ಪ್ರಸೂತಿ ತಜ್ಞರೂ ಕೂಡಿಯೇ ನೋಡಿಕೊಳ್ಳಬೇಕು. ಅವಧಿಗೆ ಮುನ್ನ ಹುಟ್ಟಿದ ಶಿಶುವನ್ನು ಸಾಕಿ ಉಳಿಸುವ ಘಟಕವಿರುವ ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕು.

ಎಷ್ಟು ಕಾಲ ಕಾಯಬೇಕು?

ಮೂತ್ರಪಿಂಡಗಳು ಕೆಟ್ಟಾಗ ಅನೇಕರಿಗೆ ಮುಟ್ಟು ನಿಂತೇ ಹೋಗಿರುತ್ತದೆ. ಕಸಿಯಾದ ಬಳಿಕ ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಅದು ಮತ್ತೆ ಆರಂಭವಾಗಬಹುದು. ಮುಟ್ಟು ಕಾಣಿಸಿಕೊಳ್ಳುವ ಮೊದಲೇ ಗರ್ಭ ನಿಲ್ಲುವ ಸಂಭವವೂ ಉಂಟು. ಇದನ್ನು ತಿಳಿಯದ ದಂಪತಿಗಳು ತೊಂದರೆಗೆ ಸಿಕ್ಕುತ್ತಾರೆ. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೇ ಗರ್ಭನಿರೋಧದ ಬಗೆಗೆ ವೈದ್ಯರನ್ನು ಕೇಳಿ ತಿಳಿಯಬೇಕು. ಸಂಕೋಚಕ್ಕೆ ಇಲ್ಲಿ ಎಡೆಯಿಲ್ಲ.

ಕಸಿಯಾದ ಮೇಲೆ ಕನಿಷ್ಠ ಒಂದು ವರ್ಷವಾದರೂ ಕಾಯಬೇಕೆಂಬುದು ಇಂದಿನ ವೈದ್ಯಕೀಯ ಅಭಿಪ್ರಾಯ. ಎರಡು ವರ್ಷ ಕಾಯುವುದು ಲೇಸೆನ್ನುವ ತಜ್ಞರೂ ಇದ್ದಾರೆ. ಅಷ್ಟರಲ್ಲಿ ಹೊಸ ಅಂಗ ದೇಹದಲ್ಲಿ ನೆಲೆಗೊಂಡಿರುತ್ತದೆ, ಮಾತ್ರೆಗಳ ಪ್ರಮಾಣ ಒಂದು ಹದಕ್ಕೆ ಬಂದಿರುತ್ತದೆ. ಕಾಲದ ಲೆಕ್ಕವಲ್ಲದೆ ವೈದ್ಯರು ಇನ್ನೂ ಕೆಲವನ್ನು ನೋಡುತ್ತಾರೆ. ರಕ್ತದ ಕ್ರಿಯಾಟಿನಿನ್ ಸಾಮಾನ್ಯವಾಗಿ 1.5ಕ್ಕಿಂತ ಕಡಿಮೆಯಿದ್ದು ಸ್ಥಿರವಾಗಿರಬೇಕು. ಮೂತ್ರದಲ್ಲಿ ಪ್ರೋಟೀನ್ ಹೆಚ್ಚಾಗಿ ಹೋಗುತ್ತಿರಬಾರದು. ರಕ್ತದೊತ್ತಡ ಹತೋಟಿಯಲ್ಲಿರಬೇಕು. ಹಿಂದಿನ ಒಂದು ವರ್ಷದಲ್ಲಿ ದೇಹವು ಬದಲಿ ಅಂಗವನ್ನು ತಿರಸ್ಕರಿಸುವ ಲಕ್ಷಣ ತೋರಿರಬಾರದು. ಯಾವುದೇ ಸೋಂಕು ಇರಬಾರದು. ಇಷ್ಟೂ ಕೂಡಿಬಂದರೆ ಬಸಿರಿನಿಂದಾಗಿ ಬದಲಿ ಮೂತ್ರಪಿಂಡದ ಆಯುಷ್ಯ ಕುಂದುವ ಭಯ ಬಹಳ ಕಡಿಮೆ. ಕೂಡಿಬರದಿದ್ದರೆ ಕೂಸು ಹುಟ್ಟಿದರೂ ಮೂತ್ರಪಿಂಡ ಹೋಗಿ ತಾಯಿ ಮರಳಿ ಡಯಾಲಿಸಿಸ್‌ಗೆ ಬೀಳಬಹುದು.

ಅತ್ತೆಯವರಿಗೆ ಇಲ್ಲಿ ನಮ್ಮದೊಂದು ವಿನಂತಿ. ಸೊಸೆಗೆ ಆ ಒಂದೆರಡು ವರ್ಷಗಳ ಕಾಲಾವಕಾಶವನ್ನು ನೀವು ಕೊಡಬೇಕು. ಓಣಿಯವರು, ಬೀಗರು ಕೇಳುವ ಪ್ರಶ್ನೆಗಳಿಗೆ ಅವಳ ಪರವಾಗಿ ನೀವೇ ಉತ್ತರ ಹೇಳಬೇಕು. 'ವೈದ್ಯರು ಹೇಳಿದ ಮೇಲೆಯೇ' ಎಂಬ ಒಂದು ಮಾತು ಮನೆಯ ಹಿರಿಯರ ಬಾಯಿಂದ ಬಂದರೆ ಊರ ಬಾಯಿ ತಾನಾಗಿ ಮುಚ್ಚುತ್ತದೆ.

ಮಾತ್ರೆಗಳ ವಿಚಾರ: ಎರಡು ತಪ್ಪುಗಳು

ಕಸಿಯಾದವರಿಗೆ ಕೊಡುವ ಮಾತ್ರೆಗಳಲ್ಲಿ ಮೈಕೋಫಿನೋಲೇಟ್ ಎಂಬುದೊಂದಿದೆ. ಅಂಗವನ್ನು ಉಳಿಸುವಲ್ಲಿ ಒಳ್ಳೆಯ ಔಷಧಿ. ಆದರೆ ಗರ್ಭಕ್ಕೆ ಕೇಡು. ಗರ್ಭಪಾತವಾಗಬಹುದು, ಕೂಸಿನ ಕಿವಿ, ತುಟಿ, ಅಂಗುಳಗಳಲ್ಲಿ ನ್ಯೂನತೆ ಬರಬಹುದು. ಆದ್ದರಿಂದ ಗರ್ಭ ಧರಿಸುವುದಕ್ಕೆ ಕನಿಷ್ಠ ಆರು ವಾರಗಳ ಮೊದಲೇ ವೈದ್ಯರು ಇದನ್ನು ನಿಲ್ಲಿಸಿ, ಸಾಮಾನ್ಯವಾಗಿ ಅಜಥಯೋಪ್ರಿನ್ ಎಂಬ ಬೇರೆ ಮಾತ್ರೆಗೆ ಬದಲಿಸುತ್ತಾರೆ. ಬದಲಿಸಿದ ಮೇಲೆ ಅಂಗ ಸರಿಯಾಗಿ ಕೆಲಸ ಮಾಡುತ್ತಿದೆಯೆ ಎಂದು ಕೆಲವು ಕಾಲ ನೋಡಿ ಆಮೇಲೆ ಒಪ್ಪಿಗೆ ಕೊಡುತ್ತಾರೆ. ಸಿರೋಲಿಮಸ್ ಮಾತ್ರೆಯನ್ನೂ, ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ಲೋಸಾರ್ಟನ್ ವರ್ಗದ ಮಾತ್ರೆಗಳನ್ನೂ ಹೀಗೆಯೇ ಬದಲಾಯಿಸಬೇಕಾಗುತ್ತದೆ. ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್, ಪ್ರೆಡ್ನಿಸೋಲೋನ್ ಮಾತ್ರೆಗಳನ್ನು ಬಸಿರಿನಲ್ಲಿಯೂ ಮುಂದುವರಿಸುತ್ತಾರೆ. ಇವುಗಳಿಂದ ಅಂಗವಿಕಲ ಶಿಶುಗಳ ಪ್ರಮಾಣ ಸಾಮಾನ್ಯ ಜನರಲ್ಲಿರುವುದಕ್ಕಿಂತ ಗಣನೀಯವಾಗಿ ಹೆಚ್ಚಿಲ್ಲವೆಂದು ಹಲವು ದಶಕಗಳ ಅನುಭವ ತೋರಿಸಿದೆ.

ಈ ವಿಷಯದಲ್ಲಿ ಎರಡು ತಪ್ಪುಗಳಾಗುತ್ತವೆ. ಯಾರಿಗೂ ಹೇಳದೆ ಕೇಳದೆ, ಮಾತ್ರೆ ಬದಲಿಸದೆ ಗರ್ಭ ಧರಿಸುವುದು ಮೊದಲನೆಯದು. ಎರಡನೆಯದು ಇದಕ್ಕಿಂತಲೂ ಘೋರ. ತಿಂಗಳು ನಿಂತೊಡನೆ, ಇಷ್ಟೊಂದು ಗುಳಿಗೆ ನುಂಗಿದರೆ ಕೂಸಿಗೆ ಕೇಡು ಎಂದು ಮನೆಯವರು ಹೇಳಿದರೆಂದೋ ತನಗೇ ಭಯವಾಯಿತೆಂದೋ ಹೆಣ್ಣುಮಗಳು ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿಬಿಡುವುದು. ಕೂಸಿನ ಮೇಲಣ ಪ್ರೀತಿಯಿಂದಲೇ ಹೀಗಾಗುತ್ತದೆ. ಆದರೆ ಮಾತ್ರೆ ನಿಂತರೆ ದೇಹವು ಬದಲಿ ಮೂತ್ರಪಿಂಡದ ಮೇಲೆ ತಿರುಗಿ ಬೀಳುತ್ತದೆ. ಮೂತ್ರಪಿಂಡ ಹೋದರೆ ತಾಯಿಯೂ ಅಪಾಯದಲ್ಲಿ, ಕೂಸೂ ಅಪಾಯದಲ್ಲಿ. ಆದುದರಿಂದ ಅನಿರೀಕ್ಷಿತವಾಗಿ ಗರ್ಭ ನಿಂತಿದ್ದರೂ ಒಂದೇ ಒಂದು ಮಾತ್ರೆಯನ್ನೂ ತಾವಾಗಿ ಬಿಡಬಾರದು. ಅಂದೇ ಕಸಿ ಆಸ್ಪತ್ರೆಗೆ ದೂರವಾಣಿ ಮಾಡಿ ಕೇಳಬೇಕು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನುಂಗಬೇಕೆಂಬುದನ್ನು ಅವರೇ ಹೇಳಲಿ.

ಬಸಿರಿನಲ್ಲಿ ದೇಹದ ನೀರಿನ ಅಂಶ, ರಕ್ತದ ಪ್ರಮಾಣ ಹೆಚ್ಚುವುದರಿಂದ ಟ್ಯಾಕ್ರೋಲಿಮಸ್ ಮಾತ್ರೆಯ ಅಂಶ ರಕ್ತದಲ್ಲಿ ಇಳಿಯುತ್ತದೆ. ಅದನ್ನು ಆಗಾಗ ಅಳೆಸಿ ಪ್ರಮಾಣವನ್ನು ಸರಿಪಡಿಸಬೇಕು. ವಾಂತಿ ಹೆಚ್ಚಾಗಿ ಮಾತ್ರೆ ಹೊರಬರುತ್ತಿದ್ದರೆ ತಡಮಾಡದೆ ತಿಳಿಸಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ವಿಷವಿದ್ದಂತೆ. ನಾಟಿ ಔಷಧಿ, ಬೇರುಕಷಾಯಗಳೂ ಕಸಿ ಮಾತ್ರೆಗಳ ಹದ ಕೆಡಿಸಬಲ್ಲವು.

ಒಂಬತ್ತು ತಿಂಗಳ ಜಾಗರೂಕತೆ

ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಕೊನೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ ತಪಾಸಣೆ ಬೇಕು. ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಮಾತ್ರೆಯ ಅಂಶ ಇವುಗಳ ಲೆಕ್ಕ ತಪ್ಪಬಾರದು. ಮೂತ್ರದ ಸೋಂಕು ಇವರಲ್ಲಿ ಸಾಮಾನ್ಯ, ಕೆಲವೊಮ್ಮೆ ಉರಿಯಿಲ್ಲದೆಯೂ ಇರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸುತ್ತಾರೆ. ಕಸಿ ಮಾತ್ರೆಗಳಿಂದ ಸಕ್ಕರೆಯ ಅಂಶ ಏರಬಹುದಾದ್ದರಿಂದ ಅದನ್ನೂ ನೋಡುತ್ತಾರೆ. ಗರ್ಭನಂಜನ್ನು ತಡೆಯಲು ಮೂರನೆಯ ತಿಂಗಳ ಕೊನೆಯಿಂದ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವ ಪದ್ಧತಿಯಿದೆ. ಇದನ್ನೂ ವೈದ್ಯರೇ ಬರೆದುಕೊಡಬೇಕು.

ರಕ್ತದೊತ್ತಡ ಅಳೆಯುವ ಯಂತ್ರವೊಂದನ್ನು ಮನೆಯಲ್ಲಿಟ್ಟುಕೊಂಡು ನಿತ್ಯ ಬರೆದಿಡುವುದು ಉತ್ತಮ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಬಾವು, ಎದೆಗುಂಡಿಗೆಯ ಕೆಳಗೆ ನೋವು, ಮೂತ್ರ ಕಡಿಮೆಯಾಗುವುದು, ಜ್ವರ, ಕಸಿಯಾದ ಜಾಗದಲ್ಲಿ ನೋವು, ರಕ್ತಸ್ರಾವ, ಕೂಸಿನ ಮಿಸುಕಾಟ ತಗ್ಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿರಿ.

ಆಹಾರದಲ್ಲಿ ನಮ್ಮ ಜೋಳದ ರೊಟ್ಟಿ, ಕಾಳು ಪಲ್ಯ, ಬೇಳೆ, ಕಾಯಿಸಿದ ಹಾಲು ಇವೆಲ್ಲ ವೈದ್ಯರು ಹೇಳಿದ ಪ್ರಮಾಣದಲ್ಲಿ ಇರಲಿ. ಆದರೆ ರೊಟ್ಟಿಯ ಜೊತೆಗೆ ಹಸಿ ಮೆಂತ್ಯ, ಹಕ್ಕರಿಕೆ, ಮೂಲಂಗಿ ತೊಪ್ಪಲು ತಿನ್ನುವ ರೂಢಿಯನ್ನು ಈ ಕಾಲದಲ್ಲಿ ಬಿಟ್ಟು ಬೇಯಿಸಿಯೇ ತಿನ್ನಬೇಕು. ರೋಗನಿರೋಧಕ ಶಕ್ತಿ ಕುಂದಿದ ದೇಹಕ್ಕೆ ಹಸಿ ಸೊಪ್ಪಿನ ರೋಗಾಣುಗಳು ದೊಡ್ಡ ಶತ್ರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪು ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ನಮ್ಮ ಭಾಗದ ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಮೂತ್ರಪಿಂಡ ಬಳಲುತ್ತದೆ. ನಿರಾಹಾರ ನಿರ್ಜಲ ಉಪವಾಸಗಳನ್ನು ಕೈಗೊಳ್ಳಬಾರದು. ಜಾತ್ರೆಯ ನೂಕುನುಗ್ಗಲಿಗೆ ಆ ವರ್ಷ ಹೋಗದೆ ಮನೆಯಲ್ಲಿಯೇ ಇಷ್ಟಲಿಂಗ ಪೂಜೆ ಮಾಡಿಕೊಂಡರೆ ಭಕ್ತಿಗೆ ಊನವೇನೂ ಇಲ್ಲ.

ತವರಿಗೆ ಕಳಿಸುವ ಮುನ್ನ

ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮ ಸಂಪ್ರದಾಯ. ಏಳನೆಯ ತಿಂಗಳ ಹೊತ್ತಿಗೆ ಕುಬಸ ಮಾಡಿ ಕಳಿಸುತ್ತೇವೆ. ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡುವ ಎಂಟನೆಯ ತಿಂಗಳೂ ಆಗಲೇ ಬರುತ್ತದೆ. ಗರ್ಭನಂಜು ಹೆಚ್ಚಾಗಿ ತಲೆದೋರುವುದೂ ಈ ಕೊನೆಯ ತಿಂಗಳುಗಳಲ್ಲಿಯೇ ಎಂಬುದನ್ನು ಮರೆಯಬಾರದು. ತವರು ದೂರದ ಹಳ್ಳಿಯಾಗಿದ್ದರೆ, ಶಾಸ್ತ್ರವನ್ನು ಗಂಡನ ಮನೆಯಲ್ಲಿಯೇ ಮುಗಿಸಿ ತಾಯಿಯನ್ನೇ ಇಲ್ಲಿಗೆ ಕರೆಸಿಕೊಳ್ಳಬಹುದು. ಅಥವಾ ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಯಿರುವ ಊರಿನಲ್ಲಿ ಬಂಧುಗಳ ಮನೆಯಲ್ಲಿರಿಸಬಹುದು. ಗುರುಗಳನ್ನು ಕೇಳಿದರೆ ಅವರೂ ಇದನ್ನೇ ಹೇಳಿಯಾರು.

ಎಲ್ಲಿಗೆ ಹೋದರೂ ಕಸಿಯ ದಾಖಲೆಗಳು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಕಸಿ ಆಸ್ಪತ್ರೆಯ ದೂರವಾಣಿ ಸಂಖ್ಯೆ ತಾಯಿ ಕಾರ್ಡಿನ ಜೊತೆಯಲ್ಲೇ ಇರಬೇಕು. ಊರಿನ ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿರಬೇಕು. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಕಸಿ ತಜ್ಞರ ಭೇಟಿಗಳ ನಡುವೆ ಇದನ್ನು ಬಳಸಿಕೊಳ್ಳಬಹುದು. ಅದರ ಬದಲಿಗೆ ಇದೇ ಸಾಕೆಂದು ತಿಳಿಯಬಾರದು.

ಹೆರಿಗೆ ಮತ್ತು ಬಾಣಂತನ

ಬದಲಿ ಮೂತ್ರಪಿಂಡವನ್ನು ಕಿಬ್ಬೊಟ್ಟೆಯ ಒಂದು ಬದಿಗೆ ಇರಿಸಿರುತ್ತಾರೆ. ಅದು ಕೂಸಿನ ದಾರಿಗೆ ಅಡ್ಡ ಬರುವುದಿಲ್ಲ. ಆದ್ದರಿಂದ ಕಸಿಯಾಗಿದೆಯೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಆಗಲೇಬೇಕೆಂದಿಲ್ಲ. ತಾಯಿ ಕೂಸುಗಳ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ನೀರನ್ನು ಬಿಗಿಹಿಡಿಯುವ ರೂಢಿ ಹಲವು ಮನೆಗಳಲ್ಲಿ ಇನ್ನೂ ಇದೆ. ಒಂದೇ ಮೂತ್ರಪಿಂಡದ ಮೇಲೆ ಬದುಕುವ ಬಾಣಂತಿಗೆ ಇದು ಅತ್ಯಂತ ಅಪಾಯಕರ. ಹೊಗೆ ತುಂಬಿದ ಕೋಣೆಯೂ ಬೇಡ. ಹೆರಿಗೆಯ ನಂತರದ ವಾರಗಳಲ್ಲಿ ಮಾತ್ರೆಯ ಅಂಶ ಮತ್ತೆ ಏರುಪೇರಾಗುತ್ತದೆ. ದೇಹವು ಅಂಗವನ್ನು ತಿರಸ್ಕರಿಸುವ ಸಂಭವ ಆಗಲೂ ಇದೆ. ಕೂಸಿನ ಸಡಗರದಲ್ಲಿ ತಾಯಿಯ ರಕ್ತ ಪರೀಕ್ಷೆ ಮರೆತುಹೋಗಬಾರದು. ಎದೆಹಾಲಿನ ವಿಷಯದಲ್ಲಿ ಹಿಂದೆ ಇದ್ದ ಭಯ ಈಗ ಬಹುಮಟ್ಟಿಗೆ ಹೋಗಿದೆ. ಪ್ರೆಡ್ನಿಸೋಲೋನ್, ಅಜಥಯೋಪ್ರಿನ್, ಟ್ಯಾಕ್ರೋಲಿಮಸ್ ನುಂಗುವ ತಾಯಿ ವೈದ್ಯರ ಸಲಹೆಯಂತೆ ಹಾಲೂಡಿಸಬಹುದು. ಮೈಕೋಫಿನೋಲೇಟ್‌ಗೆ ಮರಳಬೇಕಾದಲ್ಲಿ ಮಾತ್ರ ಮೊದಲು ಕೇಳಬೇಕು.

ಅಂಗ ಕೊಟ್ಟ ತಾಯಂದಿರು

ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ತಾಯಿ, ಹೆಂಡತಿ, ಅಕ್ಕತಂಗಿಯರು ಕೊಡುತ್ತಾರೆ. 1994ರ ಅಂಗಾಂಗ ಕಸಿ ಕಾಯ್ದೆ ಹತ್ತಿರದ ಬಂಧುಗಳ ದಾನಕ್ಕೆ ದಾರಿ ತೋರಿಸಿ ಅಂಗಗಳ ಮಾರಾಟವನ್ನು ನಿಷೇಧಿಸಿದೆ. ಹೀಗೆ ಕೊಟ್ಟ ತರುಣಿಯೂ ಮುಂದೆ ಗರ್ಭಿಣಿಯಾಗಬಹುದು. ಬಹುಪಾಲು ದಾನಿಗಳ ಹೆರಿಗೆ ಸುಖವಾಗಿಯೇ ಆಗುತ್ತದೆ. ಆದರೆ ಕೆನಡಾ ದೇಶದ ಒಂಟಾರಿಯೋದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಸಿರಿನ ರಕ್ತದೊತ್ತಡ ಅಥವಾ ಗರ್ಭನಂಜು ದಾನಿಗಳಲ್ಲಿ 100ಕ್ಕೆ 11, ಉಳಿದ ಆರೋಗ್ಯವಂತರಲ್ಲಿ 100ಕ್ಕೆ 5 ಕಂಡುಬಂದಿತು. ಆದ್ದರಿಂದ ಮಕ್ಕಳಾಗಬೇಕಾಗಿರುವ ಹೆಣ್ಣುಮಗಳನ್ನು ದಾನಕ್ಕೆ ಒತ್ತಾಯಿಸುವ ಮೊದಲು ಮನೆಯ ಗಂಡಸರೂ ತಮ್ಮ ರಕ್ತ ಪರೀಕ್ಷೆಗೆ ಮುಂದಾಗುವುದು ನ್ಯಾಯ. ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ರಾಜ್ಯದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. ಬಡ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ಕಸಿಗೆ ನೆರವು ದೊರೆಯುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಕೊನೆಯದಾಗಿ

ಪ್ರತಿಯೊಬ್ಬರಿಗೂ ಈ ದಾರಿ ತೆರೆದಿರುವುದಿಲ್ಲ. ವೈದ್ಯರು ಬೇಡವೆಂದರೆ ಆ ಮಾತನ್ನು ಮನೆಯವರೆಲ್ಲ ಒಪ್ಪಬೇಕು. ಅವಳೇ ಬೇಡವೆಂದರೂ ಒಪ್ಪಬೇಕು. ಒಮ್ಮೆ ಸಾವಿನ ಬಾಗಿಲಿಗೆ ಹೋಗಿ ಬಂದವಳ ಜೀವವನ್ನು ಮತ್ತೆ ಪಣಕ್ಕಿಡೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕೂಸು ಬೇಕೆಂಬವರಿಗೆ ಕಾನೂನುಬದ್ಧ ದತ್ತು ಸ್ವೀಕಾರವಿದೆ. ಕೂಸಿಲ್ಲದ ದಾಂಪತ್ಯವೂ ಪೂರ್ಣ ದಾಂಪತ್ಯವೇ.

ಯಾರೋ ಒಬ್ಬರು ತಮ್ಮ ದೇಹದ ಭಾಗವನ್ನೇ ದಾಸೋಹ ಮಾಡಿದ್ದರಿಂದ ಆ ಹೆಣ್ಣುಮಗಳು ಇಂದು ನಮ್ಮ ನಡುವೆ ಇದ್ದಾಳೆ. ಆ ದಾನವನ್ನು ಕಾಪಾಡುವುದು ಮನೆಮಂದಿಯ ಕರ್ತವ್ಯ. ಕಸಿಯಾದ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲಿದ್ದರೆ, ಮುಂದಿನ ತಪಾಸಣೆಗೆ ಹೋಗುವಾಗ ಗಂಡಹೆಂಡಿರಿಬ್ಬರೂ ಕೂಡಿ ಹೋಗಲಿ. ನಮಗೆ ಮಕ್ಕಳಾಗಬಹುದೆ, ಯಾವಾಗ, ಯಾವ ಮಾತ್ರೆ ಬದಲಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ನೇರವಾಗಿ ಕೇಳಲಿ. ಉತ್ತರ ಬರುವವರೆಗೆ ಮನೆಯವರು ತಾಳ್ಮೆಯಿಂದಿರಲಿ.